ಸೇತುವೆ ಬಂತು, ಇನ್ನು ನೆಟ್‌ವರ್ಕ್ ಯಾವಾಗ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಲಿ ಒಬ್ರು ಹಿರಿಯರು ಪತ್ರ ಬರ್ದಿದ್ರು. ಈಗಿನ ಹುಡುಗರು ಗೇಮ್ ಆಡಿ ಹಾಳಾಗ್ತಿದಾರೆ, ತೋಟಕ್ಕೆ ಇಳಿಯಲ್ಲ, ಆಫೀಸಿಗೂ ಹೋಗಲ್ಲ, ಮನೆಲಿ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾರೆ, ಬೇಜಾರಾದ್ರೆ ಬೈಕ್ ಹತ್ತಿ ಟ್ರಿಪ್ ಹೋಗ್ತಾರೆ ಅಂತ. ಅಪ್ಪ ಅದನ್ನ ಜಗಲಿ ಮೇಲೆ ಕೂತು ಜೋರಾಗಿ ಓದಿದ್ರು. ಅಮ್ಮನಿಗೆ ಓದಿ ಹೇಳೋ ತರ ಓದಿದ್ರು ಆದ್ರೆ ಅಮ್ಮ ಒಳಗೆ ದೋಸೆ ಹೊಯ್ತಿದ್ಲು, ಕೇಳಿಸ್ಕೋಬೇಕಾಗಿದ್ದು ಯಾರು ಅಂತ ನನಗೆ ಗೊತ್ತಾಯ್ತು.

ಆ ಹಿರಿಯರ ಮೇಲೆ ಸಿಟ್ಟೇನಿಲ್ಲ. ಆದ್ರೆ ಅವರು ಬೈದಿರೋ ಎಲ್ಲಾ ಕೆಲಸನೂ ನಾನು ಮಾಡ್ತೀನಿ, ಹಾಗಾಗಿ ಉತ್ತರ ಕೊಡೋ ಹಕ್ಕು ಇದೆ ಅನ್ಕೊಂಡಿದೀನಿ. ಜೊತೆಗೆ ನಮ್ಮೂರ ನೆಟ್‌ವರ್ಕ್ ಬಗ್ಗೆ ಒಂದು ಮಾತೂ ಇದೆ, ಅದು ಕೊನೆಲಿ.

ನನಗೆ 24 ವರ್ಷ. ಊರು ಸಾಗರ ತಾಲ್ಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ. ಸಾಗರದವರು ನಮ್ಮನ್ನ ಹೊಳೆಯಾಚೆಯವರು ಅಂತಾರೆ, ನಮಗೆ ಅವರೇ ಹೊಳೆಯಾಚೆ. ಬಿಕಾಂ ಓದಿದೀನಿ. ಮಾಡೋ ಕೆಲಸ ಮಾತ್ರ ಬೇರೆ, ಹೊರದೇಶದ ಸಣ್ಣ ಸಣ್ಣ ಗೇಮ್ ಕಂಪನಿಗಳಿಗೆ 3ಡಿ ಸಾಮಾನು ಮಾಡ್ಕೊಡೋದು. ಅಂದ್ರೆ ಗೇಮ್ ಒಳಗೆ ಬರುತ್ತಲ್ಲ ಕಲ್ಲು, ಗೋಡೆ, ಬಾಗಿಲು, ಮುರಿದ ಗಾಡಿ, ಬಾವಿಕಟ್ಟೆ, ಅಂಥವು. ಹೀರೋ ಮಾಡೋದು ನಾನಲ್ಲ, ಹೀರೋ ಒರಗಿ ನಿಲ್ಲೋ ಕಂಬ ನಂದು. ಸಂಬಳ ಇಲ್ಲ, ಕೆಲಸ ಬಂದಾಗ ದುಡ್ಡು, ಇಲ್ಲಾಂದಾಗ ಅಪ್ಪನ ಜೊತೆ ಅಡಿಕೆ ಸುಲಿಯೋದು. ಬ್ಯಾಂಕಿಗೆ ಡಾಲರ್ ಬಂತು ಅಂದ್ರೆ ಅಲ್ಲಿಂದ ಫೋನ್ ಬರುತ್ತೆ, ಇದು ಯಾವ ದುಡ್ಡು, ಪರ್ಪಸ್ ಕೋಡ್ (ಹೊರದೇಶದ ದುಡ್ಡು ಯಾಕೆ ಬಂತು ಅಂತ ಹೇಳೋ ನಂಬರು) ಯಾವುದು ಹಾಕ್ಲಿ ಅಂತ. ಅದೇ ಬ್ಯಾಂಕಲ್ಲಿ ಲೋನ್ ಕೇಳಿದ್ರೆ ಸ್ಯಾಲರಿ ಸ್ಲಿಪ್ ತನ್ನಿ ಅಂತಾರೆ. ಹೆಣ್ಣು ಕೊಡೋರ ವಿಷಯ ಈ ಪತ್ರದಲ್ಲಿ ಬೇಡ, ಮಲೆನಾಡಲ್ಲಿ ತೋಟ ಇರೋ ಹುಡುಗರಿಗೇ ಹೆಣ್ಣು ಸಿಗ್ತಿಲ್ಲ, ಇನ್ನು ಕಲ್ಲು ಮಾರೋ ನನಗೆಲ್ಲಿ.

ಇದನ್ನ ಎಲ್ಲಿ ಕಲಿತೆ ಅಂದ್ರೆ ಸ್ಕೂಲಲ್ಲಂತೂ ಅಲ್ಲ. ನಮ್ಮ ಸ್ಕೂಲಲ್ಲಿ ಕಂಪ್ಯೂಟರ್ ರೂಮಿತ್ತು, ಚಪ್ಪಲಿ ಹೊರಗೆ ಬಿಟ್ಟು ಹೋಗ್ಬೇಕಿತ್ತು, ಗರ್ಭಗುಡಿ ತರ. ಐದು ಕಂಪ್ಯೂಟರು, ಐದಕ್ಕೂ ಬಟ್ಟೆ ಮುಸುಕು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ವರ್ಷ ಆಗಿತ್ತೋ. ಕಂಪ್ಯೂಟರಿನ ಪಿತಾಮಹ ಯಾರು ಅಂತ ಪರೀಕ್ಷೆಲಿ ಕೇಳೋರು, ಚಾರ್ಲ್ಸ್ ಬ್ಯಾಬೇಜ್ ಅಂತ ಬರ್ದು ಒಂದು ಮಾರ್ಕ್ಸ್ ತಗೋತಿದ್ವಿ. ಪಿತಾಮಹನ ಹೆಸರು ಗೊತ್ತಿತ್ತು, ಮೊಮ್ಮಗನನ್ನ ಮುಟ್ಟಿರ್ಲಿಲ್ಲ. ಮೇಷ್ಟ್ರನ್ನ ಬೈತಿಲ್ಲ, ಅವರಿಗೂ ಯಾರೂ ಕಲಿಸಿರ್ಲಿಲ್ಲ, ಏನಾದ್ರೂ ಕೆಟ್ರೆ ಅವರ ತಲೆಗೇ ಬರೋದು, ಮುಸುಕು ಹಾಕಿಟ್ಟಿದ್ರು. ಅದೇ ಸ್ಕೂಲಲ್ಲಿ ಕನ್ನಡ ಮೇಷ್ಟ್ರು ಇದ್ರು, ಅವರು ನಮ್ಮನ್ನ ಒಂದ್ಸಲ ಇಕ್ಕೇರಿಗೆ ಕರ್ಕೊಂಡು ಹೋದ್ರು, ಅಘೋರೇಶ್ವರ ದೇವಸ್ಥಾನಕ್ಕೆ. ಬೇರೆ ಸ್ಕೂಲಿನವರು ಬೇಲೂರು ಹಳೇಬೀಡಿಗೆ ಹೋಗ್ತಿದ್ರು, ನಮ್ಮ ಬಜೆಟ್ ಇಕ್ಕೇರಿಗೆ ಮುಗೀತು. ಮೇಷ್ಟ್ರು ಕೆಳದಿ ಅರಸರ ಕಥೆ ಹೇಳಿ ಗೋಡೆ ಮುಂದೆ ನಿಲ್ಸಿ, ಕಲ್ಲನ್ನ ನೋಡ್ರೋ, ಬೆಳಗ್ಗೆ ಒಂದು ತರ ಕಾಣುತ್ತೆ ಸಂಜೆ ಒಂದು ತರ ಕಾಣುತ್ತೆ ಅಂದ್ರು. ಹುಡುಗರೆಲ್ಲಾ ನಗಾಡಿದ್ವಿ. ಹತ್ತು ವರ್ಷ ಆದ್ಮೇಲೆ ಒಬ್ಬ ಕ್ಲೈಂಟ್ ಹಳೇ ಕೋಟೆ ಒಳಗಿನ ಗೋಡೆ ಬೇಕು ಅಂದಾಗ ಅದೇ ಇಕ್ಕೇರಿಗೆ ಹೋಗಿ, ಬೆಳಗ್ಗೆ ಒಂದ್ಸಲ ಸಂಜೆ ಒಂದ್ಸಲ ಅಲ್ಲಿನ ಕಲ್ಲಿನ ಫೋಟೋ ತೆಗ್ದು ಟೆಕ್ಸ್ಚರ್, ಅಂದ್ರೆ 3ಡಿ ಗೋಡೆ ಮೇಲೆ ಹೊದಿಸೋ ಚಿತ್ರ, ಮಾಡಿ ಕೊಟ್ಟೆ. ಆ ಗೇಮ್ ಆಡೋ ಯಾರಿಗೂ ಅದು ಇಕ್ಕೇರಿ ಅಂತ ಗೊತ್ತಾಗಲ್ಲ. ನನಗೆ ಗೊತ್ತು, ಸಾಕು.

ಇನ್ನು ಗೇಮ್. ಕಾಲೇಜಿನ ಎರಡನೇ ವರ್ಷ ಕೊರೊನಾ ಬಂತು, ಕ್ಲಾಸೆಲ್ಲಾ ಆನ್‌ಲೈನ್. ನಮ್ಮನೇಲಿ ನೆಟ್‌ವರ್ಕ್ ಬರಲ್ಲ, ಹಿಂದಿನ ಗುಡ್ಡ ಹತ್ತಿ ಒಂದು ಮತ್ತಿ ಮರದ ಬುಡದಲ್ಲಿ ಮಾತ್ರ ಬರ್ತಿತ್ತು. ಮಳೆಗಾಲ, ಕಾಲಿಗೆ ಉಂಬಳ, ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೈಲಿ ಫೋನು, ಫೋನಲ್ಲಿ ಕಾಸ್ಟ್ ಅಕೌಂಟಿಂಗ್. ಹಂಗೆ ನಾಲ್ಕೈದು ಹುಡುಗರು ಅಲ್ಲೇ ಕೂರ್ತಿದ್ವಿ, ಕ್ಲಾಸ್ ಮುಗಿದ ಮೇಲೆ ಪಬ್ಜಿ. ಹೌದು ಆಡಿದೀವಿ, ಸುಳ್ಳು ಯಾಕೆ ಹೇಳ್ಲಿ. 2020ರ ಸೆಪ್ಟೆಂಬರ್ 2ಕ್ಕೆ ಬೇರೆ ನೂರಕ್ಕೂ ಹೆಚ್ಚು ಆಪ್ ಜೊತೆ ಅದನ್ನೂ ಬ್ಯಾನ್ ಮಾಡಿದ್ರು, ಆವತ್ತು ಗುಡ್ಡದ ಮೇಲೆ ಸೂತಕದ ಮನೆ ತರ ಇತ್ತು. ಆಮೇಲೆ 2021ರಲ್ಲಿ ಬೇರೆ ಹೆಸರಲ್ಲಿ ಬಂತು, 2022ರಲ್ಲಿ ಮತ್ತೆ ತೆಗೆದ್ರು, 2023ರಲ್ಲಿ ಮತ್ತೆ ಬಂತು, ನಾನಷ್ಟರಲ್ಲಿ ಆಡೋದು ಕಮ್ಮಿ ಮಾಡಿದ್ದೆ. ಆಡ್ತಾ ಆಡ್ತಾ ಒಂದಿನ ತಲೆಗೆ ಬಂತು, ಈ ಮನೆ ಈ ಬೇಲಿ ಈ ಹುಲ್ಲಿನ ಬಣವೆ ಎಲ್ಲಾ ಯಾರೋ ಒಬ್ಬ ಕೂತು ಮಾಡಿರ್ಬೇಕಲ್ಲ ಅಂತ. ಗೂಗಲ್ ಮಾಡಿದೆ. ಬ್ಲೆಂಡರ್ ಅಂತ 3ಡಿ ಮಾಡೋ ಒಂದು ಸಾಫ್ಟ್‌ವೇರ್, ಪೂರ್ತಿ ಉಚಿತ, ಯಾವ ಕ್ರ್ಯಾಕೂ ಬೇಡ. ಅಣ್ಣನ ಹಳೇ ಲ್ಯಾಪ್‌ಟಾಪಲ್ಲಿ ಹಾಕ್ಕೊಂಡೆ, ಯೂಟ್ಯೂಬ್ ವಿಡಿಯೋಗಳನ್ನ ಮರದ ಬುಡದಲ್ಲಿ ಡೌನ್‌ಲೋಡ್ ಮಾಡ್ಕೊಂಡು ಮನೆಗೆ ಬಂದು ನೋಡೋದು. ಮೊದಲು ಮಾಡಿದ್ದು ನಮ್ಮನೆ ಹಂಡೆ. ಅಮ್ಮನಿಗೆ ತೋರಿಸ್ದೆ, ಹಂಡೆ ಇಲ್ಲೇ ಇದ್ಯಲ್ಲೋ ಅಂದ್ಲು.

ಹಂಗಂತ ಗೇಮ್ ಆಡಿದೋರೆಲ್ಲಾ ಉದ್ಧಾರ ಆಗ್ತಾರೆ ಅಂತ ಹೇಳ್ತಿಲ್ಲ. ಆ ಮರದ ಬುಡದಲ್ಲಿ ಕೂತಿದ್ದ ಐದು ಜನರಲ್ಲಿ ಒಬ್ಬ ರಮ್ಮಿ ಆಪಿಗೆ ಬಿದ್ದ. ಮೊದಲು ಸಾವಿರ ಗೆದ್ದ, ಆಮೇಲೆ ಅಡಿಕೆ ಮಾರಿದ ದುಡ್ಡು ಹೋಯ್ತು, ಆಮೇಲೆ ಮನೆಯವರ ಬಂಗಾರ. ನಾನು ಆಡಿದ್ದಕ್ಕೂ ಅವನು ಆಡಿದ್ದಕ್ಕೂ ಒಂದೇ ಹೆಸರು ಗೇಮ್ ಅಂತ, ನಿಮ್ಮ ಪತ್ರದ ಹಿರಿಯರು ಇದನ್ನೇ ಕಲಸಿಬಿಟ್ಟಿದಾರೆ. ನಮ್ಮ ರಾಜ್ಯ ಸರ್ಕಾರ 2021ರಲ್ಲೇ ಬಾಜಿ ಕಟ್ಟೋ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ತಂದಿತ್ತು, 2022ರ ಫೆಬ್ರವರಿಲಿ ಹೈಕೋರ್ಟು ಅದನ್ನ ರದ್ದು ಮಾಡ್ತು. ಆಮೇಲೆ 2025ರ ಆಗಸ್ಟಲ್ಲಿ ಕೇಂದ್ರದ್ದೇ ಕಾಯ್ದೆ ಬಂತು. ಅದು ದುಡ್ಡು ಕಟ್ಟಿ ಆಡೋದನ್ನ ಒಂದು ಕಡೆ ಇಟ್ಟಿದೆ, ಇ-ಸ್ಪೋರ್ಟ್ಸು (ಅಂದ್ರೆ ಸ್ಪರ್ಧೆ ತರ ಆಡೋ ವಿಡಿಯೋ ಗೇಮು), ಸುಮ್ನೆ ಮಜಕ್ಕೆ ಆಡೋ ಆಟ ಇವನ್ನ ಬೇರೆ ಕಡೆ ಇಟ್ಟಿದೆ. ಬುದ್ಧಿ ಆಟ ಇರ್ಲಿ ಅದೃಷ್ಟದ ಆಟ ಇರ್ಲಿ ದುಡ್ಡಿಟ್ರೆ ನಿಷೇಧ, ಅದರ ಜಾಹೀರಾತೂ ನಿಷೇಧ, ಆಡಿದವನಿಗೆ ಶಿಕ್ಷೆ ಇಲ್ಲ, ನಡೆಸೋನಿಗೆ ಮೂರು ವರ್ಷದವರೆಗೂ ಜೈಲು, ಒಂದು ಕೋಟಿವರೆಗೂ ದಂಡ. ನನ್ನ ಫ್ರೆಂಡಿಗೆ ಇದು ಮೂರು ವರ್ಷ ತಡ ಆಯ್ತು. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಇ-ಸ್ಪೋರ್ಟ್ಸಿಗೆ ಪದಕನೇ ಕೊಟ್ರು, ಅದನ್ನ ಅಪ್ಪನಿಗೆ ಹೇಳಿದ್ರೆ ನಂಬಲಿಲ್ಲ. ಅಂದ ಹಾಗೆ ನಮ್ಮೂರ ಹಬ್ಬದಲ್ಲಿ ಹಿಂದಿನ ಕೊಟ್ಟಿಗೆಲಿ ಬೆಳಗಿನ ಜಾವದವರೆಗೂ ಇಸ್ಪೀಟು ನಡೆಯುತ್ತೆ, ಅಲ್ಲಿ ಕೂತಿರೋರ ವಯಸ್ಸು ಎಷ್ಟು ಅಂತ ಹಿರಿಯರು ಒಂದ್ಸಲ ಬಂದು ನೋಡ್ಬೇಕು, ಕಾಫಿ ನಾನೇ ಕೊಡ್ತೀನಿ.

ಗೇಮ್ ಆಡೋರಿಗೆ ಪಿಂಗ್ ಅಂದ್ರೇನು ಗೊತ್ತಿರುತ್ತೆ. ನಾವು ಇಲ್ಲಿ ಒತ್ತಿದ್ದು ಅಲ್ಲಿ ಸರ್ವರಿಗೆ ಹೋಗಿ ವಾಪಸ್ ಬರೋಕೆ ತಗೊಳ್ಳೋ ಟೈಮು. 40 ಮಿಲಿಸೆಕೆಂಡ್ ಇದ್ರೆ ಆರಾಮಾಗಿ ಆಡಬಹುದು, 300 ಆದ್ರೆ ನಾನು ಗುರಿ ಇಟ್ಟು ಗುಂಡು ಹೊಡೆಯೋಷ್ಟರಲ್ಲಿ ನಾನೇ ಸತ್ತು ಬಿದ್ದಿರ್ತೀನಿ. ನಮ್ಮ ಹೋಬಳಿ ಜನ ಅರವತ್ತು ವರ್ಷ 300 ಪಿಂಗಲ್ಲೇ ಬದುಕಿದಾರೆ ನೋಡಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಯ್ತು, ಅಜ್ಜನ ಗದ್ದೆ ಮುಳುಗ್ತು, ರಸ್ತೆ ಮುಳುಗ್ತು, ಶರಾವತಿ ಕರೆಂಟಲ್ಲಿ ಇಡೀ ರಾಜ್ಯ ಬೆಳಗ್ತು. ನಮಗೆ ಸಿಕ್ಕಿದ್ದು ಲಾಂಚು, ಜನ ಗಾಡಿ ಎಲ್ಲಾ ಹತ್ತಿಸ್ಕೊಂಡು ಹಿನ್ನೀರು ದಾಟಿಸೋ ದೋಣಿ. ಸಂಜೆ ಕೊನೆ ಲಾಂಚ್ ಹೋಯ್ತು ಅಂದ್ರೆ ಮುಗೀತು, ಹೆರಿಗೆ ನೋವು ಬಂದ್ರೂ ಹಾವು ಕಚ್ಚಿದ್ರೂ ನಿಟ್ಟೂರು, ನಗರ ಅನ್ನೋ ಊರುಗಳ ಕಡೆಯಿಂದ ಸುತ್ತು ಹಾಕ್ಬೇಕು. ಮಳೆ ತಡ ಆದ ವರ್ಷ ನೀರು ಇಳಿದು ಗಾಡಿ ಹತ್ತಿಸೋದನ್ನೇ ನಿಲ್ಲಿಸ್ತಿದ್ರು. ನಿಮ್ಮ ಪತ್ರಿಕೆಲಿ ಪ್ರತಿ ಮಳೆಗಾಲ ಡ್ಯಾಂ ತುಂಬೋ 1819 ಅಡಿಗೆ ಎಷ್ಟು ಬಾಕಿ ಅಂತ ಬರುತ್ತಲ್ಲ, ಬೆಂಗಳೂರಲ್ಲಿ ಅದನ್ನ ಕರೆಂಟಿನ ಲೆಕ್ಕಕ್ಕೆ ಓದ್ತಾರೆ, ನಾವು ಲಾಂಚ್ ಲೆಕ್ಕಕ್ಕೆ ಓದ್ತಿದ್ವಿ.

ಟ್ರಾವೆಲ್ ಬಗ್ಗೆ ಹೇಳಿದ್ರಲ್ಲ ಹಿರಿಯರು. ಫ್ರೀಲಾನ್ಸ್ ಹುಡುಗರು ಅಂದ್ರೆ ಗೋಕರ್ಣ ಬೀಚಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಎಳನೀರು ಕುಡಿಯೋರು ಅನ್ಕೊಂಡಿದಾರೆ. ಬಿಸಿಲಲ್ಲಿ ಸ್ಕ್ರೀನೇ ಕಾಣಲ್ಲ ಸಾರ್, ಆ ಫೋಟೋ ಎಲ್ಲಾ ಸುಳ್ಳು. ನನ್ನ ಟ್ರಾವೆಲ್ ಹೇಳ್ತೀನಿ ಕೇಳಿ. ಎರಡು ವರ್ಷದ ಹಿಂದೆ ಒಂದು ದೊಡ್ಡ ಕೆಲಸ ಸಿಕ್ತು, ರಾತ್ರಿ ಹನ್ನೆರಡರ ಒಳಗೆ ಫೈಲ್ ಕಳಿಸ್ಬೇಕು. ಆಷಾಢದ ಗಾಳಿಮಳೆ, ಮರ ಬಿದ್ದು ಎರಡು ದಿನದಿಂದ ಕರೆಂಟಿಲ್ಲ, ಟವರಿನ ಬ್ಯಾಟರಿನೂ ಸತ್ತಿದೆ. ಎರಡು ಜಿಬಿ ಫೈಲು. ಲಾಂಚ್ ನಿಂತಿದೆ. ಆಚೆ ದಡದಲ್ಲಿ ಮಿಣಮಿಣ ಅಂತ ಲೈಟ್ ಕಾಣ್ತಿತ್ತು, ನಮ್ಮ ಕಡೆ ಕಳಸವಳ್ಳಿ ದಡದಲ್ಲಿ ಬೈಕ್ ನಿಲ್ಸಿ ನಿಂತಿದ್ದೆ, ಎಂತ ಮಾಡೋದು ಗೊತ್ತಾಗ್ಲಿಲ್ಲ, ಸುಮ್ನೆ ನಿಂತಿದ್ದೆ. ಕೆಲಸ ಹೋಯ್ತು. ಕ್ಲೈಂಟಿಗೆ ಮರ ಬಿತ್ತು ಅಂತ ಮೇಲ್ ಹಾಕಿದ್ದಕ್ಕೆ ಅವನು ಹೊಸ ತರದ ನೆಪ ಇದು ಅಂದ. ರೇಟಿಂಗ್ ಒಂದು ಸ್ಟಾರ್.

2025ರ ಜುಲೈ 14ಕ್ಕೆ ಹಿನ್ನೀರಿನ ಮೇಲೆ ಸೇತುವೆ ಓಪನ್ ಆಯ್ತು. ಸಾಗರದ ಕಡೆ ಅಂಬಾರಗೋಡ್ಲಿಂದ ಕಳಸವಳ್ಳಿಗೆ ಸುಮಾರು ಎರಡೂವರೆ ಕಿಲೋಮೀಟರು, ಬೈಕಲ್ಲಿ ಐದು ನಿಮಿಷನೂ ಬೇಡ. ಮೊದಲ ವಾರ ನಾನು ಸುಮ್ಸುಮ್ನೆ ಮೂರು ಸಲ ಹೋಗಿ ಬಂದೆ, ಅಪ್ಪ ಒಂದ್ಸಲ ಹಿಂದೆ ಕೂತಿದ್ರು, ಮಧ್ಯದಲ್ಲಿ ನಿಲ್ಸು ಅಂದ್ರು, ಕೆಳಗೆ ನೀರು ನೋಡಿ ನಮ್ಮ ಗದ್ದೆ ಇಲ್ಲೇ ಎಲ್ಲೋ ಇರ್ಬೇಕು ಅಂದ್ರು. ಅಷ್ಟೇ ಹೇಳಿದ್ದು. ಈಗ ರಾತ್ರಿ ಫೈಲ್ ಕಳಿಸ್ಬೇಕು ಅಂದ್ರೆ ಸಾಗರಕ್ಕೆ ಹೋಗಿ ಫ್ರೆಂಡ್ ಅಂಗಡಿ ಎದುರು ಬೈಕ್ ಮೇಲೆ ಕೂತು ವೈಫೈ ಹಾಕ್ಕೊಂಡು ಕಳಿಸಿ ಬರ್ತೀನಿ. ಅದನ್ನೇ ಹಿರಿಯರು ಬೈಕ್ ಹತ್ತಿ ಟ್ರಿಪ್ ಅಂದಿರ್ಬೇಕು. ಸಿಗಂದೂರು ದೇವಸ್ಥಾನಕ್ಕೆ ಬರೋ ಟೂರಿಸ್ಟುಗಳು ಸೇತುವೆ ಮಧ್ಯ ಕಾರ್ ನಿಲ್ಸಿ ಸೆಲ್ಫಿ ತಗೋತಾರೆ, ಅಂಥ ಒಂದು ಕಾರಿನವರು ಮೊನ್ನೆ ನನ್ನ ನಿಲ್ಸಿ, ಬ್ರೋ ಇಲ್ಲಿ ನೆಟ್‌ವರ್ಕ್ ಎಲ್ಲಿ ಬರುತ್ತೆ ಅಂತ ಕೇಳಿದ್ರು. ಗುಡ್ಡ ತೋರಿಸ್ದೆ.

ಎಐ ಬಗ್ಗೆ ಎಲ್ಲರೂ ಕೇಳ್ತಾರೆ, ನಿನ್ನ ಕೆಲಸ ಹೋಗುತ್ತಂತಲ್ಲ ಅಂತ. ಸಣ್ಣ ಪುಟ್ಟ ಚಿತ್ರದ ಕೆಲಸಕ್ಕೆ ರೇಟು ಬಿದ್ದಿರೋದು ನಿಜ. ಕ್ಲೈಂಟಿಗೆ ಇಂಗ್ಲಿಷ್ ಮೇಲ್ ಬರೆಯೋಕೆ ನಾನೂ ಅದನ್ನೇ ಬಳಸ್ತೀನಿ, ಹಾಗಾಗಿ ಬೈಯೋಕೆ ಬಾಯಿಲ್ಲ. ಈ ಪತ್ರಾನೂ ಅರ್ಧ ಫೋನಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸಿದ್ದು. ಸಂಜೆ ಲಾಂಚಿಗೆ ಕಾಯ್ತಿದ್ವಿ ಅಂದ್ರೆ ಸಂಜೆ ಲಂಚಕ್ಕೆ ಕಾಯ್ತಿದ್ವಿ ಅಂತ ಬರ್ದಿತ್ತು, ಕಂಡಿದ್ದೆಲ್ಲಾ ತಿದ್ದಿದೀನಿ, ಎಲ್ಲಾದ್ರೂ ಉಳ್ಕೊಂಡಿದ್ರೆ ಯಾರೂ ಬೇಜಾರ್ ಮಾಡ್ಕೋಬೇಡಿ. ಯೂನಿಕೋಡಲ್ಲಿ ಇದೆ, ನಿಮ್ಮ ಆಫೀಸಲ್ಲಿ ಇನ್ನೂ ನುಡಿ ಫಾಂಟಲ್ಲೇ ಕೇಳ್ತೀರಾ ಅಂತ ಗೊತ್ತಿಲ್ಲ.

ನಾನು ಪತ್ರ ಬರೆಯೋಕೆ ನಿಜವಾದ ಕಾರಣ ಇದು. ಭಾರತ್‌ನೆಟ್ ಅಂತ ಯೋಜನೆ ಇದೆಯಲ್ಲ, ಗ್ರಾಮ ಪಂಚಾಯ್ತಿವರೆಗೂ ಇಂಟರ್‌ನೆಟ್ಟಿನ ಫೈಬರ್ ಕೇಬಲ್ ತರೋದು. ನಮ್ಮ ಕಡೆ ಒಂದು ಪಂಚಾಯ್ತಿ ಆಫೀಸಿಗೆ ಅದು ಬಂದಿದೆ, ಬಾಕ್ಸ್ ಗೋಡೆ ಮೇಲಿದೆ, ಲೈಟ್ ಒಂದು ಉರಿಯುತ್ತೆ ಒಂದು ಉರಿಯಲ್ಲ. ಪಕ್ಕದಲ್ಲೇ ಲೈಬ್ರರಿ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಬದಲಾಗಿದೆ, ಕಂಪ್ಯೂಟರ್ ಕೂಡ ಬಂದಿದೆ. ಗೋಡೆಯಿಂದ ಗೋಡೆಗೆ ಇಪ್ಪತ್ತು ಮೀಟರ್ ವೈರ್ ಎಳೆದಿಲ್ಲ. ಎಳೆದು, ಒಂದು ಒಳ್ಳೆ ಬ್ಯಾಟರಿ ಇಟ್ಟು, ರಾತ್ರಿ ಎಂಟರವರೆಗೆ ಬಾಗಿಲು ತೆಗೆದಿಟ್ರೆ ನನ್ನಂತೋರು ಕೂತು ಕೆಲಸ ಮಾಡ್ತೀವಿ, ಬಾಡಿಗೆ ಬೇಕಾದ್ರೂ ಕೊಡ್ತೀವಿ. ಶನಿವಾರ ಮಧ್ಯಾಹ್ನ ಸ್ಕೂಲ್ ಮಕ್ಕಳು ಬಂದ್ರೆ ಬ್ಲೆಂಡರ್ ನಾನೇ ಹೇಳ್ಕೊಡ್ತೀನಿ, ದುಡ್ಡು ಬೇಡ, ಕನ್ನಡದಲ್ಲೇ ಹೇಳ್ಕೊಡ್ತೀನಿ. ಇದನ್ನ ಅರ್ಜಿ ಬರ್ದು ಎರಡು ಸಲ ಕೊಟ್ಟಿದೀನಿ. ಮೊದಲ ಸಲ ಮೇಲಿಂದ ಆರ್ಡರ್ ಬರ್ಬೇಕು ಅಂದ್ರು, ಎರಡನೇ ಸಲ ನೀನು ಎಂತ ಕೆಲಸ ಮಾಡೋದು ಮಾರಾಯಾ ಅಂತ ಕೇಳಿದ್ರು, ಹೇಳಿದೆ, ಗೇಮಾ ಅಂತ ನಕ್ರು.

ಪತ್ರ ಉದ್ದ ಆಯ್ತು, ಜಾಗ ಇಲ್ಲಾಂದ್ರೆ ಪಬ್ಜಿ, ಇಸ್ಪೀಟು, ಹೆಣ್ಣಿನ ವಿಷಯ ಎಲ್ಲಾ ತೆಗೆದುಬಿಡಿ. ಇಪ್ಪತ್ತು ಮೀಟರ್ ವೈರಿನ ವಿಷಯ ಮಾತ್ರ ಕತ್ತರಿಸಬೇಡಿ.

ಇತಿ,
ಕರೂರು ಹೋಬಳಿಯ ಒಬ್ಬ ಓದುಗ
(ಹೆಸರು ಹಾಕ್ಬೇಡಿ, ಅಪ್ಪ ಜೋರಾಗಿ ಓದ್ತಾರೆ)