ಟೈಪ್ ಮಾಡುತ್ತಿದ್ದವರು ಎದ್ದು ಹೋದವರಲ್ಲ

ಮಾನ್ಯ ಸಂಪಾದಕರೇ,

ನಾನು ವೆಬ್‌ಸೈಟ್‌ಗಳ ಸರ್ವರ್, ಅಂದರೆ ವೆಬ್‌ಸೈಟ್ ನಡೆಸುವ ಕಂಪ್ಯೂಟರಿನ ಕಡೆಯ ಪ್ರೋಗ್ರಾಂ ಬರೆಯುವವಳು. ಮೊನ್ನೆ ಅಪ್ಪ ಒಂದು ಉದ್ದನೆಯ ಅರ್ಜಿ ತುಂಬುತ್ತಿದ್ದರು. ಒಂದೊಂದೇ ಅಕ್ಷರ ಹುಡುಕಿ ಒತ್ತುವವರು. ಕಾಗದಪತ್ರ ತೆಗೆದು, ಪ್ರತಿ ಸಂಖ್ಯೆಯನ್ನೂ ಎರಡೆರಡು ಸಲ ನೋಡಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ‘ಸಲ್ಲಿಸಿ’ ಒತ್ತಿದರೆ ಲಾಗಿನ್ ಪುಟ ಬಂತು. ತುಂಬಿದ್ದೆಲ್ಲ ಹೋಯಿತು. ‘ನಾನೇ ಏನೋ ತಪ್ಪು ಒತ್ತಿದೆ ಕಣಮ್ಮ’ ಅಂದರು. ನನಗೆ ತುಂಬಾ ಬೇಜಾರಾಯಿತು. ತಪ್ಪು ನನ್ನಂಥವರು ಬರೆದ ಪ್ರೋಗ್ರಾಮಿನದು.

ಬ್ರೌಸರೂ ಸರ್ವರೂ ಮಾತಾಡಿಕೊಳ್ಳುವ ಕ್ರಮವಾದ ಎಚ್‌ಟಿಟಿಪಿಗೆ ನೆನಪಿಲ್ಲ. ಅದಕ್ಕೆ ಬ್ರೌಸರ್ ಕಳಿಸುವ ಪ್ರತಿ ರಿಕ್ವೆಸ್ಟೂ (ಕೋರಿಕೆ) ಹೊಸದೇ. ಅದಕ್ಕಾಗಿ ಲಾಗಿನ್ ಆದ ಕೂಡಲೇ ಸರ್ವರ್ ಒಂದು ಗುರುತನ್ನು ಕುಕಿ ಎಂಬ ಪುಟ್ಟ ಟಿಪ್ಪಣಿಯಲ್ಲಿ ಬ್ರೌಸರಿಗೆ ಕೊಡುತ್ತದೆ. ಆ ಗುರುತು ಯಾರದು ಅನ್ನುವುದನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಇದೇ ಸೆಷನ್. ಗೊತ್ತುಮಾಡಿದಷ್ಟು ಹೊತ್ತು ಹೊಸ ರಿಕ್ವೆಸ್ಟ್ ಬರದಿದ್ದರೆ ಅದನ್ನು ಅಳಿಸಲಾಗುತ್ತದೆ. ನಾವೇನೂ ಬದಲಿಸದಿದ್ದರೆ ಆ ಅವಧಿ, ವೆಬ್‌ಸೈಟ್ ಬರೆಯುವ ಭಾಷೆಯಾದ ಪಿಎಚ್‌ಪಿಯಲ್ಲಿ 1440 ಸೆಕೆಂಡ್, ಅಂದರೆ 24 ನಿಮಿಷ. ಜಾವಾ ಭಾಷೆಯ ವೆಬ್ ಪ್ರೋಗ್ರಾಂ ನಡೆಸುವ ಟಾಮ್‌ಕ್ಯಾಟ್‌ನಲ್ಲಿ 30 ನಿಮಿಷ. ಅಪ್ಪ ಟೈಪ್ ಮಾಡಿದ್ದೆಲ್ಲ ಬ್ರೌಸರಿನಲ್ಲೇ ಇತ್ತು, ಸರ್ವರಿಗೆ ಒಂದಕ್ಷರವೂ ಹೋಗಿರಲಿಲ್ಲ. ಅದರ ಲೆಕ್ಕದಲ್ಲಿ ಅವರು ಯಾವಾಗಲೋ ಎದ್ದು ಹೋಗಿದ್ದರು.

ಸೆಷನ್ ದಿನಗಟ್ಟಲೆ ಇರಲಿ ಎನ್ನುತ್ತಿಲ್ಲ. ಹಲವರು ಬಳಸುವ ಕಂಪ್ಯೂಟರಿನಲ್ಲಿ ಲಾಗೌಟ್ ಮರೆತರೆ, ಆಮೇಲೆ ಕೂತವರ ಕೈಗೆ ಖಾತೆ ಸಿಗುತ್ತದೆ. ಆದರೆ ಅವಧಿ ಮುಗಿಯುವ ಮೊದಲು ಒಂದು ಮಾತು ಹೇಳಬೇಕಲ್ವಾ? ವೆಬ್‌ಸೈಟ್ ಎಲ್ಲರೂ ಬಳಸುವಂತಿರಬೇಕೆಂದು 2008ರಲ್ಲೇ ಬಂದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ ಇದಕ್ಕೆ ದಾರಿ ತೋರಿಸಿದೆ: ಮುಂಚೆಯೇ ಎಚ್ಚರಿಸಿ, ಸುಲಭವಾಗಿ ಸಮಯ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡಿ ಎಂದು. ಹಿರಿಯರಿಗೆ ಅದೂ ಸಾಲದು, ಎರಡು ನಿಮಿಷವಾದರೂ ಕೊಡಿ ಎನ್ನುತ್ತೇನೆ.

ಇನ್ನೂ ಒಳ್ಳೆಯದು, ತುಂಬಿದಷ್ಟನ್ನು ಆಗಾಗ ಕರಡಾಗಿ ಸರ್ವರಿಗೆ ಕಳಿಸುವುದು. ಕರಡೂ ಉಳಿಯುತ್ತದೆ, ಸೆಷನ್ನೂ ಉಳಿಯುತ್ತದೆ. ಆದರೆ ನಿಜವಾಗಿ ಟೈಪ್ ಆಗುತ್ತಿದ್ದರೆ ಮಾತ್ರ ಕಳಿಸಬೇಕು. ಸುಮ್ನೆ ಟೈಮರ್ ಇಟ್ಟು ಕಳಿಸಿದರೆ ತೆರೆದಿಟ್ಟ ಪುಟದ ಸೆಷನ್ ಮುಗಿಯುವುದೇ ಇಲ್ಲ.

ಬಿಗಿ ಮಾಡಬೇಕಾದ ಜಾಗ ಬೇರೆ ಇದೆ. ಲಾಗೌಟ್ ಒತ್ತಿದಾಗ ಕುಕಿ ಮಾತ್ರ ಅಳಿಸಿ, ಸರ್ವರಿನಲ್ಲಿ ಸೆಷನ್ ಹಾಗೇ ಬಿಡುವ ಪ್ರೋಗ್ರಾಂಗಳನ್ನು ನಾನೇ ತಿದ್ದಿದ್ದೇನೆ. ಆ ಗುರುತು ಮೊದಲೇ ಕದ್ದವರ ಕೈಗೆ ಸಿಕ್ಕಿದ್ದರೆ, ಲಾಗೌಟ್ ಆದಮೇಲೂ ಅದು ನಡೆಯುತ್ತದೆ.

ಈ ಕೆಲಸ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆ. ನೀವು ಬರೆದ ಅರ್ಜಿಯನ್ನು ಮನೆಯ ಹಿರಿಯರ ಕೈಲಿ ಒಮ್ಮೆ ತುಂಬಿಸಿ. ಪಕ್ಕದಲ್ಲಿ ಕೂತಿರಿ, ಅವಸರ ಮಾಡಬೇಡಿ.

– ಒಬ್ಬ ವೆಬ್ ಪ್ರೋಗ್ರಾಮರ್