ಜೀಪಿನಣ್ಣನಿಗೆ ಧನ್ಯವಾದ

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಗುಡ್ಡದ ಮನೆಗಳಿಗೆ ಮಾನಸಿಕ ಆರೋಗ್ಯ ತಂಡವನ್ನು ಕರೆದೊಯ್ಯುವ ಜೀಪಿನಣ್ಣನಿಗೆ ನಮ್ಮೆಲ್ಲರ ನಮಸ್ಕಾರ. ಹೆಸರು ಹಾಕಬೇಡಿ ಎಂದಿರಿ, ಹಾಕಿಲ್ಲ.

ನೀವು ಜೀಪನ್ನು ಅಂಗಳಕ್ಕೆ ತರದೆ ತಿರುವಿನಲ್ಲೇ ನಿಲ್ಲಿಸುತ್ತೀರಿ. ಬೋರ್ಡು ಹೊತ್ತ ವಾಹನ ಎದುರಿಗೇ ನಿಂತರೆ, ನೆರೆಯವರ ಬಾಯಿಗೆ ಹೆದರಿ ಮುಂದಿನ ಸಲ ಬಾಗಿಲೇ ತೆರೆಯದ ಮನೆಗಳಿವೆ.

ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆಗೆ ನಾಲ್ಕು ವಾರಕ್ಕೊಮ್ಮೆ ಕೊಡುವ ಹ್ಯಾಲೊಪೆರಿಡಾಲ್ ಡೆಕನೋಯೇಟ್ ಎಳ್ಳೆಣ್ಣೆಯಲ್ಲಿರುವ ಚುಚ್ಚುಮದ್ದು. ಐಸ್ ಪೆಟ್ಟಿಗೆಗೆ ಹಾಕಬಾರದು, ಬಿಸಿಲಿಗೂ ಇಡಬಾರದು. ನಿಮ್ಮ ಸೀಟಿನಡಿಯ ನೆರಳೇ ಅದಕ್ಕೆ ಸರಿಯಾದ ಜಾಗ. ಮಂದ ಮದ್ದಾದ್ದರಿಂದ 21 ಗೇಜಿನ, ತುಸು ದಪ್ಪನೆಯ ಸೂಜಿ ಬೇಕು. ಸೊಂಟದ ಕೆಳಗಿನ ಸ್ನಾಯುವಿಗೆ ಆಳವಾಗಿ, ನಿಧಾನವಾಗಿ, ಒಂದು ಜಾಗಕ್ಕೆ 3 ಮಿ.ಲೀ. ಮೀರದಂತೆ ಚುಚ್ಚಿ, ಪ್ರತಿ ಸಲ ಬದಿ ಬದಲಿಸಬೇಕು. ಚುಚ್ಚಿದ ಮೇಲೆ ಉಜ್ಜುವಂತಿಲ್ಲ.

ಹೆಚ್ಚಿನ ಉಪಕಾರ ಲಿಥಿಯಂ ವಿಷಯದಲ್ಲಿ. ಮನಸ್ಸಿನ ಅತಿಯಾದ ಏರಿಳಿತದ ಕಾಯಿಲೆಗೆ (ಬೈಪೋಲಾರ್) ಕೊಡುವ ಈ ಮಾತ್ರೆ ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ನೋಡಬೇಕು. ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ತೆಗೆಯಬೇಕು. ಅಷ್ಟರಲ್ಲಿ ಬೆಳಗಿನದನ್ನೂ ನುಂಗಿದ್ದರೆ ಪ್ರಮಾಣ ಜಾಸ್ತಿ ತೋರಿಸಿ, ಡೋಸ್ ಸುಮ್ಮನೆ ಇಳಿಸಿಬಿಡುವ ಅಪಾಯವಿದೆ. ಹಿಂದಿನ ಸಂಜೆಯೇ ಹೋಗಿ, "ರಾತ್ರಿ 9ಕ್ಕೆ ಮಾತ್ರೆ, ಬೆಳಿಗ್ಗೆಯದ್ದು ರಕ್ತ ಕೊಟ್ಟ ಮೇಲೆಯೇ" ಎಂದು ತುಳುವಿನಲ್ಲೋ ಕನ್ನಡದಲ್ಲೋ ಹೇಳಿ ಬರುವವರು ನೀವು. ವಾಂತಿಭೇದಿಯಾದರೆ ಅಥವಾ ಮೈಕೈನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗಿದರೆ, ನಡೆಯುವಾಗ ತೂರಾಡಿದರೆ ನಮ್ಮ ಮುಂದಿನ ಭೇಟಿಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಅದನ್ನೂ ಮನೆಯವರಿಗೆ ನೀವೇ ಬಿಡಿಸಿ ಹೇಳುತ್ತೀರಿ.

ಮಳೆಗಾಲದಲ್ಲಿ ತೋಡು ತುಂಬಿದರೆ ಜೀಪು ದಾಟದು. ಆಗ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಆ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟದ್ದಕ್ಕೂ ಧನ್ಯವಾದ.