ಉಪ್ಪು ಹಚ್ಚಿದ ಚಕ್ಕೋತ

ಗೆಳೆಯಾ,

ಕಳೆದ ಶನಿವಾರ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಅಲ್ಲಿ ಊಟಕ್ಕೆ ಮೊದಲು ಒಂದು ಆಟ. ಬಾಟಲಿಗೆ ಕಾಲುಚೀಲ ತೊಡಿಸಿ ತರುತ್ತಾರೆ. ಒಳಗಿರುವುದು ಯಾವ ದ್ರಾಕ್ಷಿಯ ವೈನ್ ಅಂತ ನಾವು ಚೀಟಿಯಲ್ಲಿ ಬರೆಯಬೇಕು. (ಒಗೆದ ಕಾಲುಚೀಲವೇ, ಕೇಳಿ ಖಚಿತ ಮಾಡಿಕೊಂಡೆ.)

ನಾಲ್ಕನೆಯದು ಬಿಳಿ ವೈನ್. ಮೂಗಿನ ಹತ್ತಿರ ತಂದರೆ, ಚಕ್ಕೋತದ ಸಿಪ್ಪೆ ಸುಲಿಯುವಾಗ ಚಿಮ್ಮುತ್ತದಲ್ಲ, ಆ ಘಾಟು. ಸೋವಿನ್ಯೋ ಬ್ಲಾಂಕ್ ಅಂತ ಬರೆದೂ ಬಿಟ್ಟೆ. ಇನ್ನೊಮ್ಮೆ ಮೂಸಿದೆ. ಅದಕ್ಕಿರುವ ಹಸಿ ಹುಲ್ಲಿನ ವಾಸನೆ ಇದಕ್ಕಿಲ್ಲ. ರೀಸ್ಲಿಂಗ್ ಇರಬಹುದಾ? ಹುಳಿಯೇನೋ ಸರಿ, ಆದರೆ ಬಾಯಲ್ಲಿ ಇದು ಜಾಸ್ತಿ ದಪ್ಪ. ನುಂಗಿದ ಮೇಲೆ ನಾಲಗೆಯ ಅಂಚಿನಲ್ಲಿ ಉಪ್ಪು ಉಳಿಯಿತು. ತುಟಿ ನೆಕ್ಕಿಕೊಳ್ಳುವಷ್ಟು ಉಪ್ಪು!

ದೇವನಹಳ್ಳಿ ಕಡೆ ಬೈಕ್ ನಿಲ್ಲಿಸಿ ಚಕ್ಕೋತದ ತೊಳೆಗೆ ಉಪ್ಪು ಖಾರ ಹಚ್ಚಿ ತಿಂದೆವು, ನೆನಪಿದೆಯಾ? ಖಾರ ಬಿಟ್ಟರೆ ಅದೇ ಇದು. ಬರೆದದ್ದನ್ನು ಹೊಡೆದು ಹಾಕಿ 'ಪೆಟಿತ್ ಆರ್ವಿನ್' ಅಂತ ಬರೆದೆ. ಕಾಲುಚೀಲ ಬಿಚ್ಚಿದರು. ಅದೇ!

ಇದು ಇಲ್ಲಿನ ವಲೇ ಪ್ರಾಂತ್ಯದ ತಳಿ, ರೋನ್ ನದಿಯ ಕಣಿವೆಯದು. 1602ರ ದಾಖಲೆಯಲ್ಲೇ ಇದರ ಹೆಸರಿದೆ. ಆಲ್ಪ್ಸ್ ದಾಟಿದರೆ ಇಟಲಿಯ ಆವೋಸ್ತಾ ಕಣಿವೆಯಲ್ಲೂ ಸ್ವಲ್ಪ ಬೆಳೆಯುತ್ತಾರೆ. ಬೆಳೆಯುವವರಿಗೆ ಮಾತ್ರ ತಲೆನೋವು. ಜೋರು ಗಾಳಿ ಬಂದರೆ ಚಿಗುರು ಮುರಿಯುತ್ತದೆ. ಹಣ್ಣಾಗುವುದೂ ತಡ, ಹಾಗಾಗಿ ಬಿಸಿಲು ಚೆನ್ನಾಗಿ ಬೀಳುವ ಇಳಿಜಾರೇ ಬೇಕು. ಸ್ವಿಸ್ ವೈನ್‌ನಲ್ಲಿ ಹೊರದೇಶಕ್ಕೆ ಹೋಗುವುದು ನೂರಕ್ಕೆ ಒಂದೆರಡು ಪಾಲು, ಮಿಕ್ಕಿದ್ದನ್ನು ಇವರೇ ಕುಡಿದು ಮುಗಿಸುತ್ತಾರೆ. ನೀನು ಹೆಸರು ಕೇಳಿಲ್ಲದಿದ್ದರೆ ಅದಕ್ಕೇ.

ನನ್ನ ಮೊದಲ ತಪ್ಪೂ ಪೂರ್ತಿ ತಪ್ಪಲ್ಲ. ಆ ಘಾಟು ಕೊಡುವ ಗಂಧಕದ ಸಂಯುಕ್ತ ಎರಡೂ ವೈನ್‌ಗಳಲ್ಲಿದೆ.

ನಿನ್ನ ಹತ್ತಿರ ಮುಚ್ಚಿಡುವುದೇನು, ಊಟಕ್ಕೆ ಕರೆದ ಸಹೋದ್ಯೋಗಿ ವಲೇ ಪ್ರಾಂತ್ಯದ ಫುಲಿ ಊರಿನವನು ಅಂತ ನನಗೆ ಮೊದಲೇ ಗೊತ್ತಿತ್ತು. ಕಲ್ಲುಕಟ್ಟೆಯ ಮೇಲಿನ ದ್ರಾಕ್ಷಿ ತೋಟದ ಫೋಟೋ ಎದುರು ಗೋಡೆಯಲ್ಲೇ ನೇತಾಡುತ್ತಿತ್ತು. ಕಣ್ಣು ಕಟ್ಟಿದ ಆಟ ಅಂದರೂ ಕಣ್ಣು ಸುಮ್ನೆ ಇರುತ್ತದಾ?

ಎಲ್ಲರೂ 'ಹೇಗೆ ಗೊತ್ತಾಯಿತು' ಅಂದರು. ಚಕ್ಕೋತ ಅಂದೆ. ಹಾಗಂದರೇನು ಅಂತ ಕೇಳಿದರು. ಎರಡೂ ಕೈಯಲ್ಲಿ ಗಾತ್ರ ತೋರಿಸಿದೆ, ಯಾರೂ ನಂಬಲಿಲ್ಲ.

ರಜೆಗೆ ಬರುವಾಗ ಒಂದು ಬಾಟಲಿ ತರುತ್ತೇನೆ. ಚಕ್ಕೋತ ನಿನ್ನದು. ಖಾರ ಬೇಡ.

ನಿನ್ನವನು